ಬಿಳಿ ಕೆಮಿಕಲ್ಲಿನ ಚೀಲ

ಕುರ್ಚಿ ಮಲ್ಲಿಕಾಳ ಪಾಲಾಯಿತು. ಕೆಳಗೆ ಗಾಲಿ, ಬೆನ್ನಿಗೆ ಕಪ್ಪು ಜಾಲರಿ ಇದ್ದ ಹೊಸ ಕುರ್ಚಿ. ಹುಬ್ಬಳ್ಳಿಯಿಂದ ಅದು ಬಂದ ದಿನ ಚನ್ನೇಶ ತನಗೇ ತರಿಸಿದ್ದಾರೆಂದು ತಿಳಿದು, ಹೊತ್ತು ತಂದ ಹಮಾಲರಿಗೆ "ಕಿಟಕಿ ಕಡೆ ಇಡ್ರಿ, ಬಾಗ್ಲಾಗ ಬ್ಯಾಡ" ಎಂದು ಅಪ್ಪಣೆ ಬೇರೆ ಕೊಟ್ಟಿದ್ದ. ಅವರು ಕಿಟಕಿಯ ಕಡೆಗೇ ಇಟ್ಟರು. ಅರ್ಧ ಗಂಟೆಯ ನಂತರ ಮಾಲೀಕ ಫಕ್ಕೀರಪ್ಪ ಸಾವ್ಕಾರರು ಬಂದು, "ಕುಂದ್ರವಾ ಮಲ್ಲಿಕಾ, ಇವತ್ತಿಂದ ಪ್ಲಾಂಟ್ ಇನ್‌ಚಾರ್ಜ್ ನೀನ" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚನ್ನೇಶನೂ ತಟ್ಟಿದ. ಉಳಿದವರು ನಿಲ್ಲಿಸಿದ ಮೇಲೂ ಅವನ ಎರಡು ಚಪ್ಪಾಳೆ ಒಂಟಿಯಾಗಿ ಕೇಳಿಸಿದವು.

ಕುರ್ಚಿ ಹೋಯಿತೆಂಬ ಉರಿಗಿಂತ ಅದು ಯಾರಿಗೆ ಹೋಯಿತೆಂಬ ಉರಿಯೇ ಅವನಿಗೆ ಹೆಚ್ಚು. ಮಲ್ಲಿಕಾ ಹಿರೇಬೆಂಡಿಗೇರಿಯವಳು. ಐದು ವರ್ಷದ ಹಿಂದೆ ಚೀಲಗಳ ಮೇಲೆ ತಾರೀಖಿನ ಮುದ್ರೆ ಒತ್ತಲು ಬಂದವಳು, ಕೆಲಸ ಮಾಡುತ್ತಲೇ ಡಿಪ್ಲೊಮಾ ಮುಗಿಸಿಕೊಂಡು ಕಂಪ್ಯೂಟರಿನ ಮುಂದೆ ಕುಳಿತವಳು. ಚನ್ನೇಶನಾದರೋ ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮಾಡಿ, ಚಿನ್ನದ ಪದಕವನ್ನು ಕೂದಲೆಳೆಯಲ್ಲಿ ಕಳೆದುಕೊಂಡವನು. ಯಾರಿಂದ ಕಳೆದುಕೊಂಡೆ ಎಂಬುದನ್ನು ಅವನು ಇವತ್ತಿಗೂ ಹೆಸರು ಸಮೇತ ಹೇಳಬಲ್ಲ. ಶಿಗ್ಗಾವಿಯ ಹೆದ್ದಾರಿ ಬದಿಯ ಈ ಡ್ರೈಮಿಕ್ಸ್ ಕಾರ್ಖಾನೆಯಲ್ಲಿ ಅವನು ಗುಣಮಟ್ಟದ ಮುಖ್ಯಸ್ಥ. ಅಲ್ಲಿ ತಲೆ ಇರುವುದು ತನ್ನೊಬ್ಬನಿಗೆ, ಉಳಿದವರಿಗೆ ಇರುವುದು ಟೋಪಿ ಇಟ್ಟುಕೊಳ್ಳುವ ಜಾಗ ಎಂದು ಅವನ ನಂಬಿಕೆ. ಸಾವ್ಕಾರರು ಸವಣೂರಿನಲ್ಲಿ ಇಟ್ಟಿಗೆ, ಸುಣ್ಣ ಮಾರಿಕೊಂಡು ಮೇಲೆ ಬಂದವರು. ಈಗಲೂ ಹೊಸ ಉಸುಕು ಬಂದರೆ ಒಂದು ಹಿಡಿ ತೆಗೆದು ಅಂಗೈಯಲ್ಲಿ ತಿಕ್ಕಿ, ಕಿವಿಯ ಹತ್ತಿರ ಹಿಡಿದು ಅದರ ಸಪ್ಪಳ ಕೇಳುತ್ತಾರೆ. ಅದನ್ನು ಪರೀಕ್ಷಿಸಲು ಉಪಕರಣವಿದೆ ಎಂದು ಚನ್ನೇಶ ಹೇಳಿದರೆ, "ಅದೂ ನೋಡ್ಲಿ, ನಾನೂ ಕೇಳ್ತೇನಿ" ಎನ್ನುತ್ತಾರೆ. ಇಂಥವರಿಗೆ ತಾನು 'ಸಾವ್ಕಾರ್ರ' ಅನ್ನಬೇಕು, ಇಂಥವಳ ಸಹಿಗಾಗಿ ಬಾಗಿಲಲ್ಲಿ ಕಾಯಬೇಕು. ಇಪ್ಪತ್ತು ದಿನ ಅವನು ನಗುತ್ತಲೇ ಕಾದ.

ಅಷ್ಟರಲ್ಲಿ ಹಿರೇಕೆರೂರಿನಿಂದ ದೊಡ್ಡ ಆರ್ಡರ್ ಬಂತು. ಅಲ್ಲಿ ಒಂದು ಟ್ರಸ್ಟಿನವರು ಹೆಣ್ಣುಮಕ್ಕಳ ವಸತಿನಿಲಯ ಕಟ್ಟಿಸುತ್ತಿದ್ದರು. ಎರಡನೇ ಅಂತಸ್ತಿನ ಗೋಡೆ ಮತ್ತು ಸೂರಿಗೆ ಬಳಿಯುವ ಗಿಲಾವಿಗೆ ಇಪ್ಪತ್ತೈದು ಟನ್ ಮಾಲು ಬೇಕಿತ್ತು. ಬಳಿಯುವ ಗೌಂಡಿ ಸವಣೂರಿನ ಫಕ್ರುಸಾಬ. ಮಲ್ಲಿಕಾಳ ಸಹಿಯಲ್ಲಿ ಹೊರಡುವ ಮೊದಲ ದೊಡ್ಡ ಮಾಲು ಇದೇ.

"ಇದು ನಿನ್ನ ಪರೀಕ್ಷಾ ಇದ್ದಂಗ ನೋಡವಾ," ಎಂದರು ಸಾವ್ಕಾರರು ಎಲ್ಲರೆದುರಿಗೆ. "ಇದರಾಗ ಏನರ ಮಾತು ಬಂತಂದ್ರ ನಾ ಆ ಕುರ್ಚಿ ಹಿಂದಕ್ಕ ತಗೊಳ್ಳೂದ. ಆಮ್ಯಾಲೆ ಮನಸಿಗೆ ಹಚಗೋಬ್ಯಾಡ."

"ಮಾತು ಬರೂದಿಲ್ರಿ," ಎಂದಳು ಮಲ್ಲಿಕಾ.

ಬರುತ್ತದೆ ಎಂದುಕೊಂಡ ಚನ್ನೇಶ.

ಡ್ರೈಮಿಕ್ಸ್ ಅಂದರೇನು ಎಂದು ಕೇಳಿದ ನೆಂಟರಿಗೆ ಅವನು ಹೇಳುತ್ತಿದ್ದುದು ಇಷ್ಟೇ: ಗೌಂಡಿಗಳಿಗಿಲ್ಲದ ಬುದ್ಧಿಯನ್ನು ಚೀಲದಲ್ಲಿ ತುಂಬಿ ಕೊಡುವ ಕೆಲಸ. ಅವರು ರಸ್ತೆಯ ಮೇಲೆ ಉಸುಕು ಸುರಿದು, ಬುಟ್ಟಿಯ ಅಳತೆಯಲ್ಲಿ ಸಿಮೆಂಟು ಕೂಡಿಸಿ, ಈ ಗೋಡೆಗೊಂದು ಹದ ಆ ಗೋಡೆಗೊಂದು ಹದ ಮಾಡುವುದನ್ನು ಇಲ್ಲಿ ಯಂತ್ರ ಒಂದೇ ಹದದಲ್ಲಿ ಮಾಡುತ್ತದೆ. ಉಸುಕನ್ನು ಉರುಳುವ ಉದ್ದನೆಯ ಡ್ರಮ್ಮಿನಲ್ಲಿ ಬಿಸಿಗಾಳಿಗೆ ಹುರಿದು ತೇವ ತೆಗೆಯುತ್ತಾರೆ. ಜರಡಿ ಹಿಡಿದು ಸಣ್ಣದು, ದಪ್ಪದು ಬೇರೆ ಮಾಡಿ ಎತ್ತರದ ಕಬ್ಬಿಣದ ಕಣಜಗಳಿಗೆ ಏರಿಸುತ್ತಾರೆ. ಪಕ್ಕದ ಕಣಜಗಳಲ್ಲಿ ಸಿಮೆಂಟು, ಸುಣ್ಣಕಲ್ಲಿನ ಪುಡಿ. ಕಂಪ್ಯೂಟರು ಎಲ್ಲವನ್ನೂ ತೂಗಿ ಕೆಳಗಿಳಿಸುತ್ತದೆ, ಮಿಕ್ಸರು ಮೂರು ನಿಮಿಷ ಗರಗರ ತಿರುಗುತ್ತದೆ. ಒಂದು ಸಲಕ್ಕೆ ಒಂದು ಟನ್, ಅಂದರೆ ನಲವತ್ತು ಕೆಜಿಯ ಇಪ್ಪತ್ತೈದು ಚೀಲ. ಕಟ್ಟಡದಲ್ಲಿ ಚೀಲ ಒಡೆದು ಹೇಳಿದಷ್ಟು ನೀರು ಹಾಕಿ ಕಲಸಿ ಬಳಿದರಾಯಿತು.

ಇಷ್ಟೆಲ್ಲದರ ಜೊತೆ ಟನ್ನಿಗೆ ಒಂದು ಕೆಜಿಯಂತೆ ಒಂದು ಬಿಳಿ ಪುಡಿಯೂ ಬೀಳಬೇಕು. ಅದರ ಪೂರ್ತಿ ಹೆಸರನ್ನು ಉಸಿರು ಬಿಡದೆ ಹೇಳಲು ಬರುವುದು ಚನ್ನೇಶನೊಬ್ಬನಿಗೆ. ಉಳಿದವರಿಗೆ ಅದು ಬಿಳಿ ಕೆಮಿಕಲ್ಲು. ಕಲಸಿದ ಗಿಲಾವಿನಲ್ಲಿ ನೀರನ್ನು ಹಿಡಿದಿಡುವುದು ಅದರ ಕೆಲಸ. ಅದಿಲ್ಲದಿದ್ದರೆ ಬಾಯಾರಿದ ಇಟ್ಟಿಗೆ ಗಿಲಾವಿನ ನೀರನ್ನು ಒಂದೇ ಗುಟುಕಿಗೆ ಹೀರಿಬಿಡುತ್ತದೆ, ಸಿಮೆಂಟು ಗಟ್ಟಿಯಾಗುವ ಮೊದಲೇ ಒಣಗಿ ಹೋಗುತ್ತದೆ. ಮೊದಲ ತಿಂಗಳು ಗೋಡೆ ನೋಡಲು ಚೆಂದವೇ ಇರುತ್ತದೆ. ಎರಡನೇ ತಿಂಗಳಿಗೆ ಸವರಿದರೆ ಕೈಗೆಲ್ಲ ಹಿಟ್ಟು. ಆಮೇಲೆ ಹಪ್ಪಳದ ಹಾಗೆ ಎದ್ದು ಉದುರತೊಡಗುತ್ತದೆ.

ಇಂಥ ಪುಡಿಯನ್ನು ಮಿಕ್ಸರಿಗೆ ಹಾಕುವವಳು ಮುದಕವ್ವ. ಐವತ್ತೈದು ದಾಟಿದ, ಓದುಬರಹ ಬಾರದ, ಹಿಂದೆ ಕಟ್ಟಡಗಳಲ್ಲಿ ಬುಟ್ಟಿ ಹೊತ್ತ ಹೆಂಗಸು. ಸಣ್ಣ ಕಾಟಾದ ಮೇಲೆ ಡಬ್ಬಿ ಇಟ್ಟು, ಚೀಲದಿಂದ ಪುಡಿ ತೋಡಿ ಹಾಕಿ, ಕೆಂಪು ಅಂಕಿ ಒಂದಕ್ಕೆ ಬಂದ ಕೂಡಲೇ ಮಿಕ್ಸರಿನ ಬಾಯಿಗೆ ಸುರಿದು ಹಸಿರು ಗುಂಡಿ ಒತ್ತುತ್ತಾಳೆ. ಕಂಪ್ಯೂಟರು ತೂಕ ಬರೆದುಕೊಳ್ಳುತ್ತದೆ, ಬಿದ್ದದ್ದು ಏನು ಎಂದು ವಿಚಾರಿಸುವುದಿಲ್ಲ. ಮುದಕವ್ವನಿಗೂ ಆ ಗುಂಡಿಗೂ ಇರುವ ವ್ಯತ್ಯಾಸವೆಂದರೆ ಗುಂಡಿ ಎಲೆ-ಅಡಿಕೆ ಹಾಕುವುದಿಲ್ಲ ಎಂದು ಚನ್ನೇಶ ಒಮ್ಮೆ ಚಹಾದ ಹೊತ್ತಿನಲ್ಲಿ ಹೇಳಿದ್ದ. ಯಾರೂ ನಗಲಿಲ್ಲ. ಇವರಿಗೆ ನಗೆಯೂ ತಿಳಿಯುವುದಿಲ್ಲ ಎಂದು ಅವನು ತೀರ್ಮಾನಿಸಿದ್ದ.

ಇಪ್ಪತ್ತೈದು ಟನ್ನಿಗೆ ಇಪ್ಪತ್ತೈದು ಕೆಜಿ. ಬಿಳಿ ಕೆಮಿಕಲ್ಲು ಬರುವುದೇ ಇಪ್ಪತ್ತೈದು ಕೆಜಿಯ ಚೀಲದಲ್ಲಿ. ಒಂದೇ ಒಂದು ಚೀಲದೊಳಗಿನ ಪುಡಿ ಬದಲಾದರೆ ಮಲ್ಲಿಕಾಳ ಇಡೀ ಮಾಲು ಕೆಡುತ್ತದೆ. ಅವಳ ಕಂಪ್ಯೂಟರು, ಅವಳ ಸಹಿ, ಅವಳ ಪಾಳಿ, ಎಲ್ಲ ಸರಿಯಾಗಿ ದಾಖಲಾಗಿರುತ್ತವೆ. ಸೂರಿನಿಂದ ಅಂಗೈಯಗಲದ ತುಂಡು ಬಿದ್ದು ಯಾವಳೋ ಹುಡುಗಿಯ ತಲೆಗೆ ನಾಲ್ಕು ಹೊಲಿಗೆ ಬೀಳಬಹುದು ಎಂಬ ಯೋಚನೆಯೂ ಅವನಿಗೆ ಬಂತು. ಬಂದದ್ದಕ್ಕೆ ಅವನೇನೂ ಬೆದರಲಿಲ್ಲ. ಬಿದ್ದರೆ ಸುದ್ದಿ ಬೇಗ ಹಬ್ಬುತ್ತದೆ ಎಂದುಕೊಂಡ. ಇಷ್ಟು ಯೋಚಿಸಿದವನಿಗೆ ಅವತ್ತು ಮಧ್ಯಾಹ್ನದ ಊಟವೂ ರುಚಿಯಾಗಿಯೇ ಸೇರಿತು.

ಬದಲಿಗೆ ಏನು ತುಂಬಬೇಕು ಎಂಬುದಕ್ಕೆ ಅವನು ನಾಲ್ಕು ದಿನ ತಲೆ ಕೆಡಿಸಿಕೊಂಡ. ಸುಣ್ಣಕಲ್ಲಿನ ಪುಡಿ ಬಿಳಿಯೇನೋ ಹೌದು, ಆದರೆ ಭಾರ. ಇಪ್ಪತ್ತೈದು ಕೆಜಿ ತುಂಬಿದರೆ ಚೀಲ ಅರ್ಧಕ್ಕೇ ನಿಂತು ಜೋತು ಬೀಳುತ್ತದೆ. ಮೈದಾಹಿಟ್ಟಿಗೆ ವಾಸನೆ, ಸಾಲದ್ದಕ್ಕೆ ನುಸಿ. ಕೊನೆಗೆ ಹೊಳೆದದ್ದು ಟಾಲ್ಕ್. ಮುಖಕ್ಕೆ ಹಚ್ಚುವ ಪೌಡರಿಗೆ ಹಾಕುತ್ತಾರಲ್ಲ, ಅದೇ ಮೆತ್ತನೆಯ ಕಲ್ಲಿನ ಪುಡಿ. ಹುಬ್ಬಳ್ಳಿಯ ಪೇಟೆಯಲ್ಲಿ ಬೇರೆ ಹೆಸರು ಹೇಳಿ ಒಂದು ಚೀಲ ಕೊಂಡುತಂದ. ಮನೆಯಲ್ಲಿ ಎರಡೂ ಪುಡಿಗಳನ್ನು ಕರಿಯ ಹಾಳೆಯ ಮೇಲೆ ಅಕ್ಕಪಕ್ಕ ಸುರಿದು ನೋಡಿದ. ಬಣ್ಣದಲ್ಲಿ ಫರಕು ಇಲ್ಲ. ಒಂದೇ ಲೋಟದಲ್ಲಿ ತುಂಬಿ ತೂಗಿದ, ಹೆಚ್ಚುಕಡಿಮೆ ಒಂದೇ ತೂಕ. ಮೂಸಿದ, ವಾಸನೆಯಿಲ್ಲ. ಕಣ್ಣು ಮುಚ್ಚಿ ಬೆರಳ ತುದಿಯಲ್ಲಿ ಉಜ್ಜಿದ. ಅದೂ ನುಣುಪು, ಇದೂ ನುಣುಪು. ತಾನೇ ಕಣ್ಣು ಮುಚ್ಚಿಕೊಂಡು ಮೋಸ ಹೋದದ್ದು ಅವನಿಗೆ ಬಹಳ ಹಿಡಿಸಿತು. ತನಗೇ ಗೊತ್ತಾಗದ್ದು ಇನ್ನಾರಿಗೆ ಗೊತ್ತಾದೀತು? ಒಂದಿಷ್ಟು ಟಾಲ್ಕನ್ನು ಸಿಮೆಂಟು, ಉಸುಕಿನ ಜೊತೆ ಕಲಸಿ ಒಂದು ಇಟ್ಟಿಗೆಗೆ ಮೆತ್ತಿ ಹಿತ್ತಲಲ್ಲಿ ಬಿಸಿಲಿಗಿಟ್ಟ. ವಾರದೊಳಗೆ ಅದು ಉಗುರಿಗೇ ಉದುರಿತು. ಉದುರಿದ ತುಣುಕುಗಳನ್ನು ಚೆಲ್ಲಲು ಮನಸ್ಸು ಬಾರದೆ ಒಂದು ಪೊಟ್ಟಣದಲ್ಲಿ ಕಟ್ಟಿಟ್ಟುಕೊಂಡ. ತಾನು ಮಾಡಿದ್ದನ್ನು ತಾನಾದರೂ ಮೆಚ್ಚಬೇಕಲ್ಲ.

ಅಮಾವಾಸ್ಯೆಯ ದಿನ ಕಾರ್ಖಾನೆಯಲ್ಲಿ ಯಂತ್ರಗಳಿಗೆ ಪೂಜೆ. ಬೆಳಿಗ್ಗೆ ಹತ್ತಕ್ಕೆ ಎಲ್ಲ ನಿಲ್ಲಿಸಿ, ಮಿಕ್ಸರಿಗೆ ಕುಂಕುಮ ಹಚ್ಚಿ, ನಿಂಬೆಹಣ್ಣು ಕಟ್ಟಿ, ಕಾಯಿ ಒಡೆಯುತ್ತಾರೆ. ಚನ್ನೇಶ ಯಾವತ್ತೂ ಅಲ್ಲಿ ನಿಲ್ಲುವವನಲ್ಲ. ವಿದ್ಯಾವಂತನಾದ ತಾನು ಕಬ್ಬಿಣಕ್ಕೆ ಕೈ ಮುಗಿಯುವುದಿಲ್ಲ ಎಂದು ಎಲ್ಲರಿಗೂ ಸಾರಿದ್ದ. ಹಾಗಾಗಿ ಅವನಿಲ್ಲದ್ದನ್ನು ಯಾರೂ ಗಮನಿಸುವಂತಿರಲಿಲ್ಲ. ಆ ಕಡೆ ಗಂಟೆ ಬಾರಿಸುತ್ತಿದ್ದಾಗ ಈ ಕಡೆ ಅವನು ಸ್ಟೋರಿನ ಕೀಲಿ ತೆಗೆದು, ಒಂದು ಚೀಲದ ಹೊಲಿಗೆ ಬಿಚ್ಚಿ, ಒಳಗಿನದನ್ನು ಬೇರೆ ಚೀಲಕ್ಕೆ ಸುರಿದುಕೊಂಡು ಟಾಲ್ಕ್ ತುಂಬಿದ. ತೂಗಿ ನೋಡಿದ. ಕೈಯಲ್ಲಿ ಹಿಡಿಯುವ ಹೊಲಿಗೆ ಯಂತ್ರದಿಂದ ಹಳೆಯ ತೂತುಗಳ ಮೇಲೆಯೇ ದಾರ ಓಡಿಸಿದ. ನಿಜವಾದ ಕೆಮಿಕಲ್ಲನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗಿ ಪಾಳುಬಿದ್ದ ಕಲ್ಲುಕ್ವಾರಿಯೊಂದರಲ್ಲಿ ಹೂತು ಬಂದ. ಅವನು ತಿರುಗಿ ಬಂದಾಗ ಮುದಕವ್ವ ಪ್ರಸಾದವೆಂದು ಕೊಬ್ಬರಿ ಚೂರು, ಸಕ್ಕರೆ ತಂದು ಕೊಟ್ಟಳು. ಅದನ್ನೂ ತಿಂದ.

ಮರುದಿನ ಬೆಳಿಗ್ಗೆ ಆ ಚೀಲವನ್ನು ಅವನೇ ಸ್ಟೋರಿನಿಂದ ಹೊರಗಿಡಿಸಿದ.

"ಇದೊಂದ ಚೀಲ ಸಾಕೇನ್ರಿ ಸರ?" ಎಂದಳು ಮುದಕವ್ವ.

"ಸಾಕು. ಇಪ್ಪತ್ತೈದು ಸಲ ಹಾಕಬೇಕು. ಇಪ್ಪತ್ತೈದರ ತನಕಾ ಎಣಸಾಕ ಬರ್ತೈತಿಲ್ಲೋ?"

"ಬರ್ತೈತ್ರಿ," ಎಂದು ಅವಳು ಚೀಲ ಎಳೆದುಕೊಂಡು ಹೋದಳು. ಅವನು ಪ್ರಯೋಗಶಾಲೆಯ ತಕ್ಕಡಿಗಳನ್ನು ತಪಾಸಣೆ ಮಾಡಿಸುವ ನೆಪದಲ್ಲಿ ಹುಬ್ಬಳ್ಳಿಗೆ ಹೊರಟ. ಎರಡು ದಿನ ಅಲ್ಲೇ ಲಾಡ್ಜಿನಲ್ಲಿದ್ದು, ರಸೀದಿಗಳನ್ನೆಲ್ಲ ಜೋಪಾನ ಮಾಡಿಕೊಂಡು ಮೂರನೆಯ ದಿನ ಬಂದ. ಅಂಗಳದಲ್ಲಿ ಹಿರೇಕೆರೂರಿನ ಮಾಲು ಇರಲಿಲ್ಲ.

"ಹೋತೇನು?" ಎಂದು ಕೇಳಿದ, ಕೇಳಬೇಕೆಂದು ಕೇಳುವವನ ಹಾಗೆ.

"ನಿನ್ನೆ ಸಂಜಿಮುಂದ ಲಾರಿ ಹೋತ್ರಿ ಸರ," ಎಂದಳು ಮಲ್ಲಿಕಾ ಕಂಪ್ಯೂಟರಿನಿಂದ ಕಣ್ಣೆತ್ತದೆ.

ಆಮೇಲೆ ಎರಡು ತಿಂಗಳು ಅವನು ಬಹಳ ಒಳ್ಳೆಯವನಾಗಿದ್ದ. ಮಲ್ಲಿಕಾಳನ್ನು ಮೇಡಂ ಎಂದ. ಅವಳ ಕುರ್ಚಿಯ ಗಾಲಿ ಕಿರುಗುಟ್ಟಿದಾಗ ತಾನೇ ಎಣ್ಣೆ ಹಾಕಿಸಿದ. ನಾಳೆ ತಾನು ಕೂರುವ ಕುರ್ಚಿ ಇವತ್ತೇಕೆ ಹಾಳಾಗಬೇಕು? ಹಿರೇಕೆರೂರಿನ ಕಡೆಯಿಂದ ಬಂದವರು ಯಾರೇ ಸಿಗಲಿ, ಅಲ್ಲಿ ಬಿಸಿಲು ಹೇಗಿದೆ ಎಂದು ಅಕ್ಕರೆಯಿಂದ ವಿಚಾರಿಸಿದ. ಬಿಸಿಲು ಜೋರಿದೆ ಎಂದರೆ ಅವನಿಗೆ ತಂಪಾಗುತ್ತಿತ್ತು.

ಒಂದು ಗುರುವಾರ ಸಾವ್ಕಾರರು ಅವನನ್ನು ಕರೆಸಿದರು. ಮುಖ ಗಂಟುಹಾಕಿಕೊಂಡಿದ್ದರು.

"ಚನ್ನೇಶ, ಹಿರೇಕೆರೂರಿಂದ ಫೋನ್ ಬಂದಿತ್ತು. ಸೂರಿನ ಗಿಲಾವು ಉದರಾಕತ್ತೈತಂತ. ನೀವ ಹೋಗಿ ನೋಡಿ, ತುಣುಕು ತಂದು ಪರೀಕ್ಷಾ ಮಾಡ್ರಿ. ಏನಾಗೈತಿ, ಯಾರ ತಪ್ಪು, ಎಲ್ಲಾ ಬರದು ಸಹಿ ಮಾಡಿ ಕೊಡ್ರಿ. ಯಾರ ಮುಲಾಜೂ ಇಟಗೋಬ್ಯಾಡ್ರಿ."

"ಛೆ ಛೆ, ಹಂಗಾಗಬಾರದಿತ್ರಿ ಸಾವ್ಕಾರ್ರ," ಎಂದ ಚನ್ನೇಶ. ಧ್ವನಿಯನ್ನು ತಗ್ಗಿಸುವುದು ಅವನಿಗೆ ಸ್ವಲ್ಪ ಕಷ್ಟವಾಯಿತು.

ಮರುದಿನ ಕಾರು ತೆಗೆದುಕೊಂಡು ಹಾನಗಲ್ಲಿನ ತನಕ ಹೋದ. ಅಲ್ಲಿ ತಾರಕೇಶ್ವರ ಗುಡಿಯ ಕಲ್ಲುಕಂಬದ ನೆರಳಿನಲ್ಲಿ ಕುಳಿತಾಗ ಮುಂದೆ ಹೋಗುವುದು ಯಾವ ಪುರುಷಾರ್ಥಕ್ಕೆ ಎನ್ನಿಸಿತು. ಅಲ್ಲಿ ಹೋಗಿ ನೋಡಬೇಕಾದ್ದು ಅವನಿಗೆ ಗೊತ್ತಿಲ್ಲದ್ದೇನೂ ಅಲ್ಲ. ಫಕ್ರುಸಾಬನ ಏಣಿ ಹತ್ತಬೇಕು, ತಲೆಯ ಮೇಲೆ ಸುಣ್ಣ ಉದುರಿಸಿಕೊಳ್ಳಬೇಕು, ಟ್ರಸ್ಟಿನ ಮುದುಕರ ಗೋಳು ಕೇಳಬೇಕು. ತುಣುಕಂತೂ ಮನೆಯಲ್ಲೇ ಪೊಟ್ಟಣದಲ್ಲಿದೆ. ಅದರಲ್ಲಿರುವ ಸಿಮೆಂಟು, ಉಸುಕು, ಟಾಲ್ಕ್ ಎಲ್ಲವೂ ಅದೇ. ಹೊರಗೆ ಬಂದು ಒಂದು ತಟ್ಟೆ ಮಂಡಕ್ಕಿ, ನಾಲ್ಕು ಮಿರ್ಚಿ ತಿಂದು, ಮತ್ತೆರಡು ಗಂಟೆ ನೆರಳಿನಲ್ಲಿ ಕಾಲ ಕಳೆದು ಹಿಂತಿರುಗಿದ. ಬರುವ ದಾರಿಯಲ್ಲಿ ಅಂಗಿಗೆ ಒಂದಿಷ್ಟು ಮಣ್ಣು ಹಚ್ಚಿಕೊಳ್ಳುವುದನ್ನು ಮರೆಯಲಿಲ್ಲ. ಸಣ್ಣಪುಟ್ಟ ವಿವರಗಳಲ್ಲೇ ದಡ್ಡರು ಸಿಕ್ಕಿಬೀಳುವುದು ಎಂಬುದು ಅವನಿಗೆ ಗೊತ್ತಿತ್ತು.

ವರದಿ ಮೂರು ಪುಟವಾಯಿತು. ಅಷ್ಟು ಅಚ್ಚುಕಟ್ಟಾದ ವರದಿಯನ್ನು ಅವನು ಎಂದೂ ಬರೆದಿರಲಿಲ್ಲ. ಸೋಮವಾರ ಬೆಳಿಗ್ಗೆ ಸಾವ್ಕಾರರು ಅದನ್ನು ಕಂಟ್ರೋಲ್ ರೂಮಿನಲ್ಲಿ ಎಲ್ಲರ ಮುಂದೆ ಓದಲು ಹೇಳಿದರು. ಮಲ್ಲಿಕಾ ಕುರ್ಚಿಯಲ್ಲಿದ್ದಳು. ಬಾಗಿಲ ಬಳಿ ಮುದಕವ್ವ ನಿಂತಿದ್ದಳು. ಮೂಲೆಯ ಬೆಂಚಿನ ಮೇಲೆ ಬಿಳಿಗಡ್ಡದ ಒಬ್ಬ ಮುದುಕ ಕುಳಿತಿದ್ದ. ಯಾರೋ ಗಿರಾಕಿ ಇರಬೇಕೆಂದುಕೊಂಡು ಚನ್ನೇಶ ಅವನತ್ತ ಎರಡನೇ ಸಲ ನೋಡಲಿಲ್ಲ. ಗಂಟಲು ಸರಿಮಾಡಿಕೊಂಡು ಓದಿದ. ತಾನು ಸ್ವತಃ ಏಣಿ ಹತ್ತಿ ಸೂರಿನಿಂದ ತುಣುಕು ತೆಗೆದದ್ದು, ಅದರಲ್ಲಿ ಬಿಳಿ ಕೆಮಿಕಲ್ಲು ಲವಲೇಶವೂ ಇಲ್ಲದ್ದು, ಅದರ ಬದಲು ಟಾಲ್ಕ್ ಎಂಬ ಅಗ್ಗದ ಕಲ್ಲುಪುಡಿ ಟನ್ನಿಗೆ ಒಂದು ಕೆಜಿಯಂತೆ ಬಿದ್ದದ್ದು, ಪಾಳಿಯ ಹೊಣೆ ಹೊತ್ತವರ ಅಜ್ಞಾನ ಅಥವಾ ಅಪ್ರಾಮಾಣಿಕತೆಯ ಹೊರತು ಹೀಗಾಗಲು ಸಾಧ್ಯವೇ ಇಲ್ಲದ್ದು. 'ಟಾಲ್ಕ್' ಎಂಬಲ್ಲಿ ಅವನು ಸ್ವಲ್ಪ ನಿಂತ. ಇಷ್ಟು ಕಂಡುಹಿಡಿಯಲು ಎಂ.ಎಸ್ಸಿ. ಬೇಕು ಎಂಬುದು ಎಲ್ಲರಿಗೂ ಇಳಿಯಲಿ ಎಂದು.

ಸಾವ್ಕಾರರು ವರದಿಯನ್ನು ಕೈಗೆ ತೆಗೆದುಕೊಂಡು ಸಹಿಯನ್ನು ನೋಡಿದರು. ಆಮೇಲೆ ಬೆಂಚಿನ ಕಡೆ ತಿರುಗಿದರು.

"ಫಕ್ರುಸಾಬ, ನಮ್ಮ ಸರ ನಿಮ್ಮ ಕಟ್ಟಡಕ್ಕ ಎಂದ ಬಂದಿದ್ರು?"

"ಬಂದ ಇಲ್ರಿ ಸಾವ್ಕಾರ್ರ," ಎಂದ ಮುದುಕ. "ಇವ್ರ ಮುಖಾನ ಇವತ್ತ ನೋಡಾಕತ್ತೇನಿ. ಸೂರೂ ಉದರಿಲ್ಲ, ಗ್ವಾಡಿನೂ ಉದರಿಲ್ಲ. ಮೊಳಿ ಹೊಡದ್ರ ಮೊಳಿನ ಬಾಗ್ತೈತ್ರಿ, ಅಂಥಾ ಮಾಲು."

"ಫೋನೂ ಬಂದಿದ್ದಿಲ್ಲ," ಎಂದರು ಸಾವ್ಕಾರರು ಮೆಲ್ಲಗೆ. "ಫೋನ್ ಬಂತು ಅಂತ ನಾನ ಸುಳ್ಳು ಹೇಳಿದ್ದೆ. ಆ ಚೀಲದಿಂದ ಮಾಡಿದ ಇಪ್ಪತ್ತೈದು ಟನ್ ಹಿರೇಕೆರೂರಿಗೆ ಹೋಗ ಇಲ್ಲ ಚನ್ನೇಶ. ಯಲವಿಗಿ ಟೇಶನ್ ಹತ್ರ ನಮ್ಮ ಹಳೇ ಗೋದಾಮಿನ್ಯಾಗ ಕುಂತೈತಿ. ನೀವು ಹುಬ್ಬಳ್ಳ್ಯಾಗ ಇದ್ದಾಗ ಬ್ಯಾರೆ ಕಡೆಯಿಂದ ಕೆಮಿಕಲ್ ತರಿಸಿ, ಹೊಸಾ ಮಾಲು ಮಾಡಿ ಕಳಿಸಿದ್ವಿ. ಚೀಲದಾಗ ಕೆಮಿಕಲ್ ಇದ್ದಿಲ್ಲ ಅನ್ನೂದಷ್ಟ ನಮಗ ಗೊತ್ತಿತ್ತು. ಕಂಪನ್ಯಾವ್ರ ಮೋಸ ಮಾಡ್ಯಾರ ಅಂತ ನಾ ಅಂದೆ. ಸ್ಟೋರಿನ ಕೀಲಿ ಸರ ಒಬ್ಬರ ಕಡೆ ಇರತೈತಿ ಅಂತ ಮಲ್ಲಿಕಾ ಅಂದ್ಲು. ಅಕಿನ್ನ ನಾ ಬೈದೆ. ಕಲತವ್ರು ಇಂಥಾದ್ದು ಮಾಡೂದಿಲ್ಲ ಅಂದೆ." ಅವರಿಗೆ ನಿಜವಾಗಿಯೂ ನೋವಾಗಿತ್ತು. "ಚೀಲದಾಗ ಏನಿತ್ತು ಅನ್ನೂದು ಇವತ್ತಿನ ತನಕಾ ಯಾರಿಗೂ ಗೊತ್ತಿದ್ದಿಲ್ಲ. ಈಗ ನೀವ ಹೆಸರು ಬರದು, ಸಹಿ ಮಾಡಿ ಕೊಟ್ರಿ. ಪೊಲೀಸ್ ಸ್ಟೇಶನ್ನಿಗೆ ಇದನ್ನ ಒಯ್ತೇನಿ."

ಆ ಹೊತ್ತಿನಲ್ಲಿ ಚನ್ನೇಶನನ್ನು ಕೊರೆದದ್ದು ಪೊಲೀಸರಲ್ಲ. ತೂಕ ಸರಿಯಿತ್ತು, ಬಣ್ಣ ಸರಿಯಿತ್ತು, ವಾಸನೆಯಿರಲಿಲ್ಲ, ಚೀಲ ತುಂಬಿ ನಿಂತಿತ್ತು, ಬೆರಳಿಗೆ ನುಣುಪಿತ್ತು. ಹಾಗಿದ್ದರೆ ಈ ಕುರಿಮಂದೆಯಲ್ಲಿ ಯಾರು, ಯಾವ ಯಂತ್ರದಿಂದ ಕಂಡುಹಿಡಿದರು? "ಹೆಂಗ... ಹೆಂಗ ಗೊತ್ತಾತು?" ಎಂಬ ಮಾತು ಅವನಿಗೆ ತಿಳಿಯದೆಯೇ ಹೊರಗೆ ಬಂದುಬಿಟ್ಟಿತು. ಮಲ್ಲಿಕಾ ಬಾಗಿಲ ಕಡೆ ನೋಡಿದಳು. ಮುದಕವ್ವ ಸೆರಗು ಸರಿಮಾಡಿಕೊಂಡಳು. "ಅದ್ರಾಗ ಏನೈತ್ರಿ ಸರ," ಎಂದಳು. "ಬಿಳಿ ಕೆಮಿಕಲ್ಲು ಸುರುವಿದ ದಿನ ಊಟಕ್ಕ ಅಂತ ಕೈಗೆ ನೀರು ಹಾಕ್ಕೊಂಡ್ರ, ಬೆಂಡಿಕಾಯಿ ಹೆಚ್ಚಿದಂಗ ಲೋಳಿ ಲೋಳಿ ಆಗತೈತ್ರಿ. ಮೂರು ಸಲ ತಿಕ್ಕಿದ್ರೂ ಬಿಡಂಗಿಲ್ಲ, ಹತ್ತು ವರ್ಷ ಇದ ಗೋಳು. ಅವತ್ತ ಒಂದ ಸಲಕ್ಕ ಕೈ ಸ್ವಚ್ಛ ಆತ್ರಿ. ರೊಟ್ಟಿ ಗಂಟು ಬಿಚ್ಚೂಕಿಂತ ಮೊದ್ಲ ಹೋಗಿ ಮಲ್ಲಿಕಾಗ ಹೇಳಿದೆ."